ಮ್ಯಾಲಿನ ಖೋಲಿ

ಸೋಮವಾರ ನಸುಕಿನ್ಯಾಗ ರಿಕ್ಷಾದಿಂದ ಇಳದ್ಲು,
ಎರಡು ಸಂದೂಕ, ಒಂದು ಚೀಲ,
ಬಿಸಲಿನ ದೇಶಕ್ಕ ಹೊಂಟೇನಿ ಅಂತ ತಿಳದು
ಹಾಕ್ಕೊಂಡ ಬಂದ ತೆಳ್ಳನ ಅಂಗಿ.
ಖಾಸಬಾಗದಾಗ ಶ್ರಾವಣದ ಜಿಟಿಜಿಟಿ ಹಿಡದಿತ್ತು.
"ಇಂಡಿಯಾ ಹಾಟ್ ಅಂದಿದ್ರು" ಅಂದ್ಲು, ಹಲ್ಲು ಕಟಕಟ.
ಅಂದವರು ಯಾರೋ, ಬೆಳಗಾವಿ ನೋಡಿಲ್ಲ.

ಹೆಸರು ರೆಹೆಮಾ. ಊರು ಮ್ವಾಂಜಾ, ದೇಶ ಟಾಂಜಾನಿಯಾ.
ಫಾರ್ಮಸಿ ಕಲಿಯಾಕ ಬಂದಾಳ.
ನಮ್ಮತ್ತಿ ಮೂರು ಸಲ ಕೇಳಿ
ರೇವವ್ವ ಅಂತ ಮಾಡಿ ಮುಗಿಸಿಬಿಟ್ರು.
ನಾಲಗಿಗೆ ಸಸಾರ ಆತು, ನಾನೂ ಅದನ್ನ ಹಿಡದೆ.

ಮಂಗಳವಾರ ಪೊಲೀಸ್ ಕಮಿಷನರ್ ಆಫೀಸು.
ಪರದೇಶದವರನ್ನ ಬಾಡಗಿಗೆ ಇಟಗೊಂಡ್ರ ಫಾರ್ಮು ತುಂಬಬೇಕಂತ.
ಕ್ಲರ್ಕ್ ಮೊದಲ ಮರಾಠಿಯೊಳಗ ಕೇಳಿದ, ಆಮ್ಯಾಲ ಕನ್ನಡದಾಗ,
ಆಮ್ಯಾಲ ಹಿಂದಿ.
ಆಕಿ ನನ್ನ ಮಾರಿ ನೋಡಿದ್ಲು,
ನಾನು ಫ್ಯಾನಿನ ಮಾರಿ.
ಮುಕ್ಕಾಂ ಎಷ್ಟು ದಿನ?
ನಾಕು ವರ್ಷ.
ಬರದು ಸಹಿ ಮಾಡೂವಾಗ ನನಗ ಹೊಳೀತು:
ಈಗ ಆರನೇತ್ತ ಇರೋ ನಮ್ಮ ಓಂಕಾರ
ಈಕಿ ಹೋಗೂದ್ರಾಗ ಮೀಸಿ ಬಂದ ಹುಡುಗ ಆಗಿರತಾನ.

ಬುಧವಾರ ಏನಾತೋ ನೆನಪಿಲ್ಲ.

ಆಕಿ ಊರಾಗೂ ಒಂದು ಕೆರಿ ಐತಂತ.
ಉಮೇದಿಲೆ ಕೋಟಿ ಕೆರಿಗೆ ಕರ್ಕೊಂಡು ಹೋದೆ.
"ನಿಮ್ಮದೂ ಹಿಂಗ ಏನ?"
"ನಮ್ಮದು... ಆಚೆ ದಂಡಿ ಕಾಣೂದಿಲ್ಲ."
ಇಲ್ಲಿ ಆಚೆ ದಂಡ್ಯಾಗ ಒಬ್ಬಾತ ಶೇಂಗಾ ಮಾರತಿದ್ದ,
ಅವನ ಅಂಗಿಗೆ ಒಂದು ಗುಂಡಿ ಇಲ್ಲದ್ದೂ ಕಾಣತಿತ್ತು.
"ವೆರಿ ನೈಸ್" ಅಂದ್ಲು.
ಇಷ್ಟು ಮರ್ಯಾದಿ ಸುಳ್ಳು ನಮ್ಮ ಬೀಗರೂ ಹೇಳಿಲ್ಲ.

ಒಂದು ಸಂಜೀಕ ಅತ್ತಿ "ಏ, ಸಾಬೂನು ತಾರೋ" ಅಂತ ಓಂಕಾರನ್ನ ಒದರಿದ್ರು.
ಪಾಂವಟಿಗಿ ಮ್ಯಾಲ ಕುಂತಾಕಿ ಕಿವಿ ನಿಮಿರಿಸಿದ್ಲು.
"ಸಾಬುನಿ?"
ಅಲ್ಲಿಂದ ಸುರು. ಚಾಯ್‌ಗೆ ಚಾಯ್, ಚಪಾತಿಗೆ ಚಪಾತಿ,
ದುಕಾನಕ್ಕ ದುಕಾ, ಗಾಡಿಗೆ ಗಾರಿ,
ಆಕಿ ಹೊತಗೊಂಡು ಬಂದ ಸಂದೂಕಕ್ಕ ಸಂದುಕು.
ಯಾವ ಹಡಗಿನ್ಯಾಗ ತಿರಗ್ಯಾಡಿದ್ದುವೋ ಈ ಮಾತು,
ಆಕಿಗಿಂತ ಮೊದಲ
ಎರಡೂ ಮನ್ಯಾಗ ಬಾಡಗಿಗೆ ಇದ್ದುವು,
ಪೊಲೀಸರಿಗೆ ಒಂದು ಫಾರ್ಮೂ ಕೊಡದ.
ಉಪ್ಪಿಗೆ ಮಾತ್ರ ಬ್ಯಾರೆ ಹೆಸರು.

ಎಲ್ಲಾ ಇಂಥಾದ ನಡೀಲಿಲ್ಲ.
ಎದುರು ಮನಿ ಪುತಳಾಬಾಯಿ ದಾರ್ಯಾಗ ನಿಂದ್ರಿಸಿ
ಕೂದಲ ಖರೇವ ಏನ ಅಂತ ಜಗ್ಗಿ ನೋಡಿದ್ಲು.
ಆಕಿ ನಕ್ಕಳು, ಬರೇ ತುಟಿಲೆ.
ನಾ ಅಲ್ಲೇ ಇದ್ದೆ. ಕೈಯಾಗ ಕೊತ್ತಂಬರಿ ಸೂಡು.
ಏನೂ ಅನಲಿಲ್ಲ.

ಕೆಳಗ ನಮ್ಮವು ನಾಕು ಪಾವರ್‌ಲೂಮು,
ರಾತ್ರಿ ಪಾಳಿ ನಂದು.
ಖಟಾಪಟಿ ಖಟಾಪಟಿ ನಡದಾಗ
ಒಂದು ಎಳಿ ಹರದ್ರೂ ನನಗ ಸಪ್ಪಳದಾಗ ತಿಳೀತದ.
ಅವತ್ತ ತಿಳೀತು, ಮಗ್ಗದಾಗಲ್ಲ,
ನೆತ್ತಿ ಮ್ಯಾಲ, ಮಾಳಗಿ ಆಚೆ.
ಅಳೂದು ಬಾಯಿಗೆ ದಿಂಬು ಒತ್ತಿ.
ಹೋಗಬೇಕಿತ್ತು. ಮೂರನೇ ಮಗ್ಗದ ಲಾಳಿ ಸಿಗಬಿದ್ದಿತ್ತು,
ಅದನ್ನ ಬಿಡಸ್ಕೋತ ನಿಂತೆ,
ಬಿಡಿಸಿದ ಮ್ಯಾಲೂ ನಿಂತೆ.

ಮೊದಲ ರಾತ್ರಿ ಕಿವಿ ಮುಚಗೊಂಡು ಕೇಳಿದ್ಲು,
"ಇದು ಯಾವಾಗ ನಿಲ್ಲತೈತಿ?"
"ಕರೆಂಟ್ ಹೋದಾಗ" ಅಂದು ನಕ್ಕಿದ್ದೆ.
ಆಯಿತವಾರ ರಾತ್ರಿ ಎರಡಕ್ಕ ಹೋತು.
ನಾಕೂ ಮಗ್ಗ ಒಮ್ಮಿಗೆಲೆ ಗಪ್.
ಓಣಿ ತುಂಬ ಹಂಚಿನ ಹನಿ ಸಪ್ಪಳ.
ಮ್ಯಾಲ ಚಿಲಕ ತಗದಂಗಾತು,
ಬರಿಗಾಲ, ಒಂದೊಂದ ಪಾಂವಟಿಗಿ,
ನಮ್ಮವರ ಹಳೇ ಸ್ವೆಟರಿನ್ಯಾಗ ಆಕಿ.
ನಿದ್ದಿ ಹರದ ದನಿ: "ಯಾಕ?"
ಕನ್ನಡ ಯಾರು ಕಲಿಸಿದ್ರೋ, ಆ ಒಂದ ಮಾತು.

ಏನಂತ ಹೇಳಲಿ.
ಕೈ ಹಿಡದು ನೂಲಿನ ಗಂಟಿನ ಮ್ಯಾಲ ಕುಂದ್ರಿಸಿದೆ.
ಒಳಗಿಂದ ಅತ್ತಿ, "ಯಾರದು ಕತ್ತಲ್ಯಾಗ?"
"ರೆಹೆಮಾ" ಅಂದೆ.
ಅವರಿಗೆ ಕೇಳಿಸಲಿಲ್ಲ.
ಇನ್ನೊಮ್ಮೆ ಅಂದೆ.